ಕರೆಂಟ್ ಹೋಗಿ ಬಂದಾಗೆಲ್ಲ ಮೇಲ್ ಅಲಿಯಾಸ್‌ಗಳು ಯಾಕೆ ಮಾಯವಾಗುತ್ತವೆ?

ಪ್ರಶ್ನೆ: ಮನೆಯಲ್ಲೇ ಸಣ್ಣ ಮೇಲ್ ಸರ್ವರ್ ಇಟ್ಟುಕೊಂಡಿದ್ದೇನೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸಾಫ್ಟ್‌ವೇರ್. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ಹೊಸದಾಗಿ ಸೇರಿಸಿದ ಅಲಿಯಾಸ್‌ಗಳು (ಒಂದೇ ಇನ್‌ಬಾಕ್ಸ್‌ಗೆ ಬರುವ ಬೇರೆ ಬೇರೆ ಮೇಲ್ ವಿಳಾಸಗಳು) ಅಳಿಸಿಹೋಗುತ್ತವೆ. ಹೋದ ವಾರ ಹೋಮ್‌ಸ್ಟೇ ಬುಕಿಂಗ್‌ಗೆ ಮಾಡಿದ್ದು, ಮೊನ್ನೆ ಅಡಿಕೆ ಮಂಡಿಯ ಲೆಕ್ಕಕ್ಕೆ ಮಾಡಿದ್ದು ಎರಡೂ ಹೋಗಿವೆ. ಹಳೆಯವು ಇವೆ, ಫೈಲ್ ಚೆನ್ನಾಗೇ ತೆರೆದುಕೊಳ್ಳುತ್ತದೆ. ದೊಡ್ಡ ಯುಪಿಎಸ್ ಹಾಕಿಸಿದರೆ ಸರಿಹೋಗುತ್ತಾ?

ಇಲ್ಲ, ಸರಿಹೋಗುವುದಿಲ್ಲ. ಯುಪಿಎಸ್‌ಗೆ ದುಡ್ಡು ಕೊಡುವ ಮೊದಲು ಇದನ್ನು ಪೂರ್ತಿ ಓದಿ.

ಪುನರ್ವಸು ಮಳೆ ಹಿಡಿದರೆ ಸಾಕು, ಈ ಪ್ರಶ್ನೆ ಬರಲು ಶುರುವಾಗುತ್ತದೆ. ತೀರ್ಥಹಳ್ಳಿಯಿಂದ, ಸಾಗರದಿಂದ, ಹೊಸನಗರದ ಕಡೆಯಿಂದ. ಪ್ರತಿ ಸಲವೂ ಅದೇ ಉತ್ತರ ಬರೆದಿದ್ದೇನೆ, ಪ್ರತಿ ಸಲವೂ "ಆದರೂ ಸಾರ್, ಕರೆಂಟ್ ಹೋದಾಗಲೇ ಅಲ್ವಾ ಆಗೋದು" ಅನ್ನುವ ಮಾತು ತಿರುಗಿ ಬಂದಿದೆ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ.

ಕರೆಂಟ್ ಹೋದರೆ ಅಲಿಯಾಸ್ ಅಳಿಸಿಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ನೀವೇ ಬರೆದದ್ದನ್ನು ಇನ್ನೊಮ್ಮೆ ಓದಿ. ಹೋಗಿರುವುದು ಹೊಸದಾಗಿ ಸೇರಿಸಿದ್ದು ಮಾತ್ರ. ಹಳೆಯವೆಲ್ಲ ಇದ್ದಲ್ಲೇ ಇವೆ. ಫೈಲ್ ತೆರೆದರೆ ಚೆನ್ನಾಗಿ ತೆರೆದುಕೊಳ್ಳುತ್ತದೆ, ಒಂದು ಸಾಲೂ ಅರ್ಧಕ್ಕೆ ತುಂಡಾಗಿಲ್ಲ. ಹೋಮ್‌ಸ್ಟೇ ಬುಕಿಂಗ್‌ಗೆ ಅಂತ ಹೋದ ವಾರ ಮಾಡಿದ್ದು ಮತ್ತು ಅಡಿಕೆ ಮಂಡಿಯ ಲೆಕ್ಕಕ್ಕೆ ಅಂತ ಮೊನ್ನೆ ಮಾಡಿದ್ದು, ಇವೆರಡೇ ಇಲ್ಲ. ಕರೆಂಟ್‌ಗೆ ಹೀಗೆ ಆರಿಸಿ ತೆಗೆಯಲು ಬರುವುದಿಲ್ಲ. ಕರೆಂಟ್ ಹೋಗಿ ಫೈಲ್ ಹಾಳಾದರೆ ಅದರ ಗುರುತೇ ಬೇರೆ. ಫೈಲ್ ಪೂರ್ತಿ ಖಾಲಿಯಾಗಿರುತ್ತದೆ, ಇಲ್ಲವೇ ನಡುವೆ ಕಸ ತುಂಬಿರುತ್ತದೆ, ಇಲ್ಲವೇ ಎಸ್‌ಡಿ ಕಾರ್ಡೇ ಕೈಕೊಟ್ಟು ಪೈ ಎದ್ದೇಳುವುದೇ ಇಲ್ಲ.

ಒಂದು ವಿನಾಯಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ನೀವು ಸೇವ್ ಒತ್ತಿದ ತಕ್ಷಣ ಎಲ್ಲವೂ ಕಾರ್ಡ್‌ಗೆ ಇಳಿಯುವುದಿಲ್ಲ. ಲಿನಕ್ಸ್ ಸ್ವಲ್ಪ ಹೊತ್ತು ಅದನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಬರೆಯುತ್ತದೆ. ಸಾಮಾನ್ಯವಾಗಿ ಅರ್ಧ ನಿಮಿಷದ ಆಸುಪಾಸು. ಆ ಅರ್ಧ ನಿಮಿಷದೊಳಗೆ ಕರೆಂಟ್ ಹೋದರೆ ಆ ಬದಲಾವಣೆ ಹೋಗಬಹುದು. ಆದರೆ ಸೋಮವಾರ ಬರೆದದ್ದು ಶುಕ್ರವಾರದ ಕರೆಂಟ್ ಜೊತೆ ಹೋಯಿತು ಅಂದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಪರೀಕ್ಷೆ ಮಾಡಿ. ಕರೆಂಟ್ ಚೆನ್ನಾಗಿ ಇರುವ ದಿನ ಒಂದು ಅಲಿಯಾಸ್ ಸೇರಿಸಿ. ಹತ್ತು ನಿಮಿಷ ಬಿಡಿ. ಪ್ಲಗ್ ಮುಟ್ಟಬೇಡಿ, ಸರಿಯಾದ ಕ್ರಮದಲ್ಲೇ ರೀಬೂಟ್ ಕಮಾಂಡ್ ಕೊಡಿ. ಎದ್ದ ಮೇಲೆ ಫೈಲ್ ನೋಡಿ.

ಹೋದ ವರ್ಷ ಪುಷ್ಯ ಮಳೆಯಲ್ಲಿ ಹೊಸನಗರ ತಾಲ್ಲೂಕಿನ ಒಂದು ಮನೆಯಲ್ಲಿ ಇದನ್ನೇ ಮಾಡಿಸಿದೆ. ಜಗಲಿಯ ಗೋಡೆಗೂಡಿನಲ್ಲಿ ಪೈ ಕೂತಿತ್ತು. ಪಕ್ಕದಲ್ಲಿ ರೂಟರ್, ಕೆಳಗೆ ಆಗಾಗ ಕೀಂ ಅನ್ನುವ ಯುಪಿಎಸ್. ಮೇಲ್‌ಗಳನ್ನು ಇಡಲು ಬೇರೆ ಎಸ್‌ಎಸ್‌ಡಿ ಹಾಕಿದ್ದರು. ಯಜಮಾನರು ತುಂಬ ಅಚ್ಚುಕಟ್ಟು. ಯಾವ ಅಲಿಯಾಸ್ ಯಾವತ್ತು ಮಾಡಿದ್ದು ಅಂತ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದರು. ಆ ಪುಟದಿಂದಲೇ ಗಂಟು ಬಿಚ್ಚಿತು.

ರೀಬೂಟ್ ಮಾಡಿ ಅಂದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಹೊರಗೆ ಜಡಿಮಳೆ, ಆದರೆ ಒಳಗೆ ಲೈಟ್ ಉರಿಯುತ್ತಿತ್ತು. ಎರಡು ನಿಮಿಷದಲ್ಲಿ ಪೈ ಎದ್ದಿತು. ಫೈಲ್ ತೆರೆದರೆ ಆಗಷ್ಟೇ ಸೇರಿಸಿದ ಸಾಲು ಇಲ್ಲ. ಅವರು ಪುಸ್ತಕದ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಬಂದರು. ಇದಿಲ್ಲ, ಇದಿಲ್ಲ, ಇದೂ ಇಲ್ಲ. ಬೆರಳು ನಿಂತದ್ದು ಅದರ ಹಿಂದಿನ ದೀಪಾವಳಿಯ ತಾರೀಖಿನಲ್ಲಿ. ಅಲ್ಲಿಂದ ಹಿಂದಿನವೆಲ್ಲ ಇದ್ದವು, ಮುಂದಿನದು ಒಂದೂ ಇರಲಿಲ್ಲ. ಕರೆಂಟ್ ಒಂದು ಸೆಕೆಂಡೂ ಹೋಗಿರಲಿಲ್ಲ.

"ದೀಪಾವಳಿ ಆದ ಮೇಲೆ ಈ ಡಬ್ಬಕ್ಕೆ ಏನಾದರೂ ಮಾಡಿದ್ರಾ?" ಅಂತ ಕೇಳಿದೆ. ನೆನಪಾಯಿತು. ಕರೆಂಟ್ ಪದೇ ಪದೇ ಹೋದರೆ ಎಸ್‌ಡಿ ಕಾರ್ಡ್ ಹಾಳಾಗುತ್ತದೆ, ಓವರ್‌ಲೇ ಆನ್ ಮಾಡಿಕೊಳ್ಳಿ ಅಂತ ಪರಿಚಯದವರು ಹೇಳಿದ್ದರು. ಪೈನ ಸೆಟ್ಟಿಂಗ್ ಬದಲಿಸುವ ರಾಸ್ಪಿ ಕಾನ್ಫಿಗ್‌ನ ಮೆನುವಿನಲ್ಲಿ ಅದಕ್ಕೊಂದು ಆಯ್ಕೆ ಇದೆ. ಆನ್ ಮಾಡಿದ್ದರು, ಮರೆತಿದ್ದರು. ಮೌಂಟ್ ಅಂತ ಟೈಪ್ ಮಾಡಿ ನೋಡಿದರೆ ರೂಟ್ ಫೋಲ್ಡರ್‌ನ ಎದುರಿಗೇ ಓವರ್‌ಲೇ ಅಂತ ಬರೆದಿತ್ತು.

ಓವರ್‌ಲೇ ಅಂದರೆ ಪುಸ್ತಕದ ಮೇಲೊಂದು ಗಾಜು ಇಟ್ಟು, ಗಾಜಿನ ಮೇಲೆ ಬರೆದ ಹಾಗೆ. ಓದುವಾಗ ಕೆಳಗಿನ ಅಕ್ಷರ, ಮೇಲಿನ ಅಕ್ಷರ ಎರಡೂ ಸೇರಿ ಕಾಣುತ್ತವೆ. ಹೊಸದಾಗಿ ಬರೆದದ್ದೆಲ್ಲ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಕಾರ್ಡ್ ಮುಟ್ಟುವುದೇ ಇಲ್ಲ. ರೀಬೂಟ್ ಆದರೆ ಗಾಜು ತೊಳೆದ ಹಾಗೆ. ಮೇಲ್‌ಗಳು ಬೇರೆ ಎಸ್‌ಎಸ್‌ಡಿಯಲ್ಲಿ ಇದ್ದದ್ದರಿಂದ ಉಳಿದವು. ಅಲಿಯಾಸ್ ಫೈಲ್ ಕಾರ್ಡ್ ಮೇಲಿತ್ತು, ಅದಕ್ಕೇ ಪ್ರತಿ ಸಲ ದೀಪಾವಳಿಗೆ ವಾಪಸ್ ಹೋಗುತ್ತಿತ್ತು. ಅಂದರೆ ಕರೆಂಟ್‌ನ ಭಯಕ್ಕೆ ಮಾಡಿದ ಏರ್ಪಾಡೇ ಅಲಿಯಾಸ್‌ಗಳನ್ನು ಉಳಿಯಲು ಬಿಡುತ್ತಿರಲಿಲ್ಲ. ಕರೆಂಟ್‌ನ ಪಾತ್ರ ಇಷ್ಟೇ, ಅದು ರೀಬೂಟ್ ಮಾಡಿಸುತ್ತಿತ್ತು.

ಈ ತಪ್ಪು ನಂಬಿಕೆ ಯಾಕೆ ಸಾಯುವುದಿಲ್ಲ ಅನ್ನುವುದೂ ಇಲ್ಲೇ ಇದೆ. ನಮ್ಮ ಕಡೆ ಮನೆಯ ಸರ್ವರ್ ರೀಸ್ಟಾರ್ಟ್ ಆಗುವುದೇ ಕರೆಂಟ್ ಹೋದಾಗ. ಬೇರೆ ದಿನ ಅದನ್ನು ಯಾರೂ ಮುಟ್ಟುವುದಿಲ್ಲ. ಎರಡೂ ಒಟ್ಟೊಟ್ಟಿಗೆ ಬರುವುದರಿಂದ ಎರಡೂ ಒಂದೇ ಅನ್ನಿಸುತ್ತದೆ. ದೊಡ್ಡ ಯುಪಿಎಸ್ ಹಾಕಿಸಿದರೆ ಎರಡು ತಿಂಗಳು ಸರಿಹೋಯಿತು ಅನ್ನಿಸುತ್ತದೆ, ಯಾಕೆಂದರೆ ರೀಬೂಟ್ ಆಗಿರುವುದಿಲ್ಲ. ಆಮೇಲೆ ಒಂದು ದಿನ ಅಪ್‌ಡೇಟ್ ಮಾಡಿ ರೀಬೂಟ್ ಮಾಡುತ್ತೀರಿ. ಆಗ ಎರಡು ತಿಂಗಳ ಅಲಿಯಾಸ್‌ಗಳು ಒಂದೇ ಸಲ ಹೋಗುತ್ತವೆ.

ಹಾಗಂತ ಓವರ್‌ಲೇ ಕೆಟ್ಟದ್ದಲ್ಲ. ಮಲೆನಾಡಿನಲ್ಲಿ ಎಸ್‌ಡಿ ಕಾರ್ಡ್ ಇಟ್ಟುಕೊಂಡವರಿಗೆ ಅದು ನಿಜಕ್ಕೂ ಒಳ್ಳೆಯ ರಕ್ಷಣೆ. ಅಲಿಯಾಸ್ ಸೇರಿಸುವ ಮೊದಲು ಅದನ್ನು ಆಫ್ ಮಾಡಿ ರೀಬೂಟ್ ಮಾಡಿ. ಬದಲಾವಣೆ ಮುಗಿಸಿ, ಮತ್ತೆ ಆನ್ ಮಾಡಿ. ಪ್ರತಿ ಸಲ ಇದು ಜಾಸ್ತಿ ರಗಳೆ ಅನ್ನಿಸಿದರೆ, ಓವರ್‌ಲೇ ಒಮ್ಮೆ ಆಫ್ ಇರುವಾಗ ಅಲಿಯಾಸ್ ಫೈಲನ್ನೇ ಎಸ್‌ಎಸ್‌ಡಿಗೆ ಸಾಗಿಸಿ, ಪೋಸ್ಟ್‌ಫಿಕ್ಸ್‌ಗೆ ಹೊಸ ಜಾಗ ತೋರಿಸಿ. ಹೊಸನಗರದ ಮನೆಯಲ್ಲಿ ಎರಡನೆಯದನ್ನೇ ಮಾಡಿದೆವು.

ನಿಮ್ಮಲ್ಲಿ ಓವರ್‌ಲೇ ಇಲ್ಲವಾದರೆ ಬೇರೆ ಕಡೆ ಹುಡುಕಬೇಕು. ಪೋಸ್ಟ್‌ಫಿಕ್ಸ್ ಡಾಕರ್ ಕಂಟೇನರ್ (ಸಾಫ್ಟ್‌ವೇರನ್ನು ಬೇರೆಯಾಗಿಟ್ಟು ಓಡಿಸುವ ಪೆಟ್ಟಿಗೆ) ಒಳಗೆ ಓಡುತ್ತಿದ್ದರೆ, ಮತ್ತು ಅಲಿಯಾಸ್ ಫೈಲನ್ನು ಕಂಟೇನರ್ ಒಳಗೇ ತಿದ್ದಿದ್ದರೆ, ಹೊಸ ಇಮೇಜ್ ಎಳೆದು ಕಂಟೇನರ್ ಮತ್ತೆ ಕಟ್ಟಿದ ದಿನ ಅದು ಹೋಗುತ್ತದೆ. ಸುಮ್ನೆ ರೀಸ್ಟಾರ್ಟ್ ಮಾಡಿದರೆ ಹೋಗುವುದಿಲ್ಲ. ಅದಕ್ಕೇ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಫೈಲನ್ನು ಹೊರಗಿನ ವಾಲ್ಯೂಮ್‌ನಲ್ಲಿ, ಅಂದರೆ ಕಂಟೇನರ್ ಜೊತೆ ಅಳಿಯದ ಜಾಗದಲ್ಲಿ ಇಡಿ. ಸರ್ವರ್ ನೋಡಿಕೊಳ್ಳಲು ಬ್ರೌಸರ್‌ನ ಪ್ಯಾನೆಲ್ ಬಳಸುವವರು ಫೈಲನ್ನು ಕೈಯಲ್ಲಿ ತಿದ್ದಲೇಬೇಡಿ. ಪ್ಯಾನೆಲ್ ತನ್ನ ಡೇಟಾಬೇಸ್‌ನಿಂದ ಆ ಫೈಲನ್ನು ಹೊಸದಾಗಿ ಬರೆಯುತ್ತದೆ, ನಿಮ್ಮ ಸಾಲು ಅದಕ್ಕೆ ಗೊತ್ತೇ ಇರುವುದಿಲ್ಲ.

ಇನ್ನೊಂದು ಬಗೆಯಲ್ಲಿ ಅಲಿಯಾಸ್ ಫೈಲ್‌ನಲ್ಲಿ ಇದ್ದೇ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಇದನ್ನೂ ಜನ "ಮಾಯ" ಅಂತಲೇ ಬರೆಯುತ್ತಾರೆ. ಪೋಸ್ಟ್‌ಫಿಕ್ಸ್ ನೀವು ಬರೆದ ಅಕ್ಷರದ ಫೈಲನ್ನು ಓದುವುದಿಲ್ಲ. ಅದರಿಂದ ತಯಾರಾದ, ಸಾಮಾನ್ಯವಾಗಿ ಡಿಬಿ ಅಂತ ಕೊನೆಯಾಗುವ ಇನ್ನೊಂದು ಫೈಲನ್ನು ಓದುತ್ತದೆ. ಅಲಿಯಾಸ್ ಬರೆಯುವುದು ಅಲಿಯಾಸಸ್ ಅಥವಾ ವರ್ಚುಯಲ್ ಅನ್ನುವ ಫೈಲ್‌ನಲ್ಲಿ. ಅಲಿಯಾಸಸ್ ಫೈಲ್ ತಿದ್ದಿದರೆ ನ್ಯೂಅಲಿಯಾಸಸ್ ಕಮಾಂಡ್, ವರ್ಚುಯಲ್ ಫೈಲ್ ತಿದ್ದಿದರೆ ಪೋಸ್ಟ್‌ಮ್ಯಾಪ್ ಕಮಾಂಡ್ ಕೊಡಲೇಬೇಕು. ಪೋಸ್ಟ್‌ಫಿಕ್ಸ್ ಅನ್ನು ನೂರು ಸಲ ರೀಸ್ಟಾರ್ಟ್ ಮಾಡಿದರೂ ಆ ಕೆಲಸ ಆಗುವುದಿಲ್ಲ. ಅಂದಹಾಗೆ ನ್ಯೂಅಲಿಯಾಸಸ್ ಅನ್ನುವ ಹೆಸರು ಸೆಂಡ್‌ಮೇಲ್ ಅನ್ನುವ ಹಳೆಯ ಮೇಲ್ ಸಾಫ್ಟ್‌ವೇರ್ ಕಾಲದ್ದು. ವೀಟ್ಸೆ ವೆನೆಮಾ ಅವರು ಬರೆದ ಪೋಸ್ಟ್‌ಫಿಕ್ಸ್ 1998ರಲ್ಲಿ ಹೊರಗೆ ಬಂದಾಗ, ಸೆಂಡ್‌ಮೇಲ್‌ಗೆ ಒಗ್ಗಿದ ಕೈಗಳಿಗೆ ತೊಂದರೆ ಆಗದಿರಲಿ ಅಂತ ಹಳೆಯ ಹೆಸರುಗಳನ್ನು ಹಾಗೇ ಉಳಿಸಿಕೊಂಡರು. ಎರಡು ಫೈಲ್‌ಗಳ ಬರವಣಿಗೆಯೂ ಬೇರೆ. ಅಲಿಯಾಸಸ್‌ನಲ್ಲಿ ಹೆಸರಾದ ಮೇಲೆ ಎರಡು ಚುಕ್ಕೆಯ ಗುರುತು (:) ಬೇಕು, ವರ್ಚುಯಲ್‌ನಲ್ಲಿ ಬೇಡ.

ಯಾವುದು ನಿಮ್ಮ ಕಾಯಿಲೆ ಅಂತ ಮೇಲ್ ಲಾಗ್, ಅಂದರೆ ಸರ್ವರ್ ಬರೆದಿಡುವ ದಿನಚರಿ, ಹೇಳುತ್ತದೆ. 550 ಮತ್ತು ಯೂಸರ್ ಅನ್‌ನೋನ್ ಅಂತ ಇದ್ದರೆ, ಹೆಸರು ಪಟ್ಟಿಯಲ್ಲಿ ಸಿಕ್ಕಿಲ್ಲ. 554 ಮತ್ತು ರಿಲೇ ಆಕ್ಸೆಸ್ ಡಿನೈಡ್ ಅಂತ ಇದ್ದರೆ ಅಲಿಯಾಸ್ ಹುಡುಕುತ್ತಾ ಕೂರಬೇಡಿ. ಆ ಡೊಮೈನ್ (ವಿಳಾಸದಲ್ಲಿ @ ಆದ ಮೇಲಿನ ಭಾಗ) ತನ್ನದು ಅಂತಲೇ ಪೋಸ್ಟ್‌ಫಿಕ್ಸ್ ಒಪ್ಪುತ್ತಿಲ್ಲ. ಬೂಟ್ ಆಗುವಾಗ ಯಂತ್ರದ ಹೋಸ್ಟ್‌ನೇಮ್ ಬದಲಾದರೆ ಹೀಗಾಗುತ್ತದೆ. ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್ ಫೈಲ್ ಆದ ಮೇನ್ ಡಾಟ್ ಸಿಎಫ್‌ನ ಮೈಡೆಸ್ಟಿನೇಷನ್ ಸಾಲಿನಲ್ಲಿ ಡೊಮೈನ್ ಹೆಸರನ್ನು ನೇರವಾಗಿ ಬರೆಯಿರಿ. 451 ಬಂದರೆ ಪಟ್ಟಿಯನ್ನೇ ತೆರೆಯಲು ಆಗುತ್ತಿಲ್ಲ. ಆಲ್ಪೈನ್‌ನಂಥ ಕೆಲವು ಲಿನಕ್ಸ್‌ಗಳು ಪಟ್ಟಿ ಇಡಲು ಹ್ಯಾಶ್ ಅನ್ನುವ ಬಗೆ ಬಿಟ್ಟು ಎಲ್‌ಎಂಡಿಬಿ ಅನ್ನುವ ಬೇರೆ ಬಗೆಗೆ ಹೋಗಿವೆ, ಅಪ್‌ಡೇಟ್ ಆದ ಮೇಲೆ ಹಳೆಯ ಹ್ಯಾಶ್ ಪಟ್ಟಿ ಅವುಗಳಿಗೆ ಓದಲು ಬರುವುದಿಲ್ಲ.

ಈ ಮೂರು ಅಂಕಿಗಳ ವಿಷಯ ಬಂತಲ್ಲ, ಇನ್ನೊಂದು ಮಾತು ಹೇಳಲೇಬೇಕು. ಅದನ್ನು ಯಾರೂ ಕೇಳಿಲ್ಲ, ಆದರೆ ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ ಅಂದುಕೊಳ್ಳಿ. ಆ ಮೂರು ದಿನದ ಮೇಲ್ ಏನಾಗುತ್ತದೆ?

ಹೋಗುವುದಿಲ್ಲ. ಮೇಲ್ ವ್ಯವಸ್ಥೆ ಕಟ್ಟಿದವರು ಇದನ್ನು ಮೊದಲೇ ಯೋಚಿಸಿದ್ದರು. ನಿಮ್ಮ ಸರ್ವರ್ ಸಿಗದಿದ್ದರೆ ಕಳಿಸಿದವರ ಸರ್ವರ್ ಆ ಮೇಲನ್ನು ತನ್ನ ಸಾಲಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೇಲ್ ಕಳಿಸುವ ನಿಯಮಗಳ ದಾಖಲೆಯಾದ 2008ರ ಆರ್‌ಎಫ್‌ಸಿ 5321 ಇದಕ್ಕೆ ಕನಿಷ್ಠ 4ರಿಂದ 5 ದಿನ ಕೊಡಬೇಕು ಅನ್ನುತ್ತದೆ. ಪೋಸ್ಟ್‌ಫಿಕ್ಸ್‌ನ ಡೀಫಾಲ್ಟ್ 5 ದಿನ. ಹತ್ತು ನಿಮಿಷಕ್ಕೆ ಸಾಯುವ ಒಟಿಪಿ ಬಿಟ್ಟರೆ, ಕಾಯುವ ಮೇಲ್‌ಗಳೆಲ್ಲ ಕರೆಂಟ್ ಬಂದ ಮೇಲೆ ಒಂದೊಂದಾಗಿ ಬಂದು ಸೇರುತ್ತವೆ.

ಈಗ ಇನ್ನೊಂದು ಮನೆ ನೋಡಿ. ಕರೆಂಟ್ ಇದೆ, ಸರ್ವರ್ ಇದೆ, ಅಲಿಯಾಸ್ ಇಲ್ಲ. ಬಂದ ಮೇಲ್‌ಗೆ ಆ ಸರ್ವರ್ 550 ಅಂತ ಉತ್ತರ ಕೊಡುತ್ತದೆ. 5ರಿಂದ ಶುರುವಾಗುವ ಉತ್ತರ ಅಂದರೆ "ಇಂಥವರು ಇಲ್ಲಿಲ್ಲ, ಮತ್ತೆ ಬರಬೇಡಿ." ಕಳಿಸಿದವರ ಸರ್ವರ್ ಅಲ್ಲಿಗೇ ಕೈಬಿಡುತ್ತದೆ. ಹೋಮ್‌ಸ್ಟೇಗೆ ರೂಮ್ ಕೇಳಿದವರಿಗೆ ಮೇಲ್ ವಾಪಸ್ ಹೋಗುತ್ತದೆ, ಅವರು ಬೇರೆ ಮನೆ ನೋಡಿಕೊಳ್ಳುತ್ತಾರೆ. ಬಿಲ್ ಕಳಿಸುವ ದೊಡ್ಡ ವ್ಯವಸ್ಥೆಗಳಲ್ಲಿ ಎಷ್ಟೋ ಕಡೆ ಆ ವಿಳಾಸವನ್ನೇ ಪಟ್ಟಿಯಿಂದ ತೆಗೆದುಬಿಡುತ್ತಾರೆ. ಅಲಿಯಾಸ್ ಇಲ್ಲದೆ ಎದ್ದು ನಿಂತ ಸರ್ವರ್‌ಗಿಂತ ಮೂರು ದಿನ ಮಲಗಿದ ಸರ್ವರ್ ಎಷ್ಟೋ ವಾಸಿ.

ಹಾಗಾಗಿ ಅಲಿಯಾಸ್ ಕಾಣುತ್ತಿಲ್ಲ ಅಂತ ಗೊತ್ತಾದ ಕೂಡಲೇ, ಕಾರಣ ಹುಡುಕುವ ಮೊದಲೇ, ಮೇನ್ ಡಾಟ್ ಸಿಎಫ್‌ನಲ್ಲಿ ಸಾಫ್ಟ್ ಬೌನ್ಸ್ (soft_bounce) ಅನ್ನು ಯೆಸ್ (yes) ಅಂತ ಮಾಡಿ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ. ಆಮೇಲೆ ನಿಮ್ಮ ಸರ್ವರ್ 550 ಬದಲು 450 ಹೇಳುತ್ತದೆ. ಅಂದರೆ "ಈಗ ಆಗಲ್ಲ, ಆಮೇಲೆ ಬನ್ನಿ." ಮೇಲ್‌ಗಳು ಕಳಿಸಿದವರ ಕಡೆಯೇ ಕಾಯುತ್ತವೆ, ನಿಮಗೆ ನಾಲ್ಕು ದಿನದ ಉಸಿರು ಸಿಗುತ್ತದೆ. ಓವರ್‌ಲೇ ಇರುವ ಪೈನಲ್ಲಿ ಈ ಸಾಲೂ ಗಾಜಿನ ಮೇಲೇ ಇರುತ್ತದೆ ಅನ್ನುವುದು ನೆನಪಿರಲಿ. ಅದು ಮುಂದಿನ ರೀಬೂಟ್‌ವರೆಗೆ ಮಾತ್ರ.

ಹೊಸನಗರದ ಮನೆಯಲ್ಲಿ ಅವತ್ತು ಸಂಜೆ ಹಾಗೆ ಮಾಡಿದ ಮೇಲೆ ಲಾಗ್ ತೆರೆದಿಟ್ಟು ಕಾದೆವು. ಫೈಲ್ ಸರಿಮಾಡಿ, ಪೋಸ್ಟ್‌ಮ್ಯಾಪ್ ಕೊಟ್ಟು, ಪೋಸ್ಟ್‌ಮ್ಯಾಪ್‌ನ ಕ್ಯೂ (-q) ಆಯ್ಕೆಯಲ್ಲಿ ಪುಸ್ತಕದ ಒಂದೊಂದೇ ಹೆಸರು ಕೇಳಿದೆವು. ಪ್ರತಿಯೊಂದಕ್ಕೂ ಉತ್ತರ ಬಂತು, ಯಜಮಾನರು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಹೋದರು. ಕಾಫಿ ಕುಡಿದು ಮುಗಿಸುವ ಹೊತ್ತಿಗೆ, ಮುಂಚೆ 450 ಕೇಳಿ ವಾಪಸ್ ಹೋಗಿದ್ದ ಬುಕಿಂಗ್ ಮೇಲ್ ತಾನಾಗಿ ತಿರುಗಿ ಬಂದು ಇನ್‌ಬಾಕ್ಸ್ ಸೇರಿತು. ಆಗ ಸಾಫ್ಟ್ ಬೌನ್ಸ್ ಅನ್ನು ಮತ್ತೆ ನೋ ಮಾಡಿದೆವು. ನೀವೂ ಅದನ್ನು ಮರೆಯಬೇಡಿ. ಹಾಗೇ ಬಿಟ್ಟರೆ ಸ್ಪ್ಯಾಮ್ ಕಳಿಸುವವರಲ್ಲೂ ಕೆಲವರು ದಿನಗಟ್ಟಲೆ ಬಾಗಿಲು ತಟ್ಟುತ್ತಿರಬಹುದು.