ಬೀನಿ ಬೇಬಿ: ಕೊರತೆಯನ್ನು ತಯಾರಿಸಿ ಮಾರಿದ ಕಥೆ

ಗ್ರಾಹಕ ಸಂಸ್ಕೃತಿಯ ಪಾಠದಲ್ಲಿ ಬಳಕೆ ಮೌಲ್ಯ (ವಸ್ತು ನಮಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು), ವಿನಿಮಯ ಮೌಲ್ಯ (ಮಾರಿದರೆ ಅದಕ್ಕೆ ಎಷ್ಟು ಸಿಗುತ್ತದೆ ಎಂಬುದು) ಎಂಬ ಎರಡು ಪದಗಳು ಜೋಡಿಯಾಗಿಯೇ ಬರುತ್ತವೆ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. 1990ರ ದಶಕದ ಅಮೆರಿಕದ ಒಂದು ಗೊಂಬೆಯ ಕಥೆ ಗೊತ್ತಿದ್ದರೆ ಮರೆಯುವುದು ಕಷ್ಟ.

ಟೈ ವಾರ್ನರ್ ಎಂಬ ಉದ್ಯಮಿಯ ಕಂಪನಿ 1993ರಲ್ಲಿ ಬೀನಿ ಬೇಬಿ ಎಂಬ ಪುಟ್ಟ ಬಟ್ಟೆಯ ಗೊಂಬೆಗಳನ್ನು ಹೊರತಂದಿತು. ಕಪ್ಪೆ, ಹಂದಿ, ನಾಯಿ, ತಿಮಿಂಗಿಲ, ಹೀಗೆ ನಾನಾ ಪ್ರಾಣಿಗಳು. ಒಳಗಿನ ಪ್ಲಾಸ್ಟಿಕ್ ಗುಳಿಗೆಗಳನ್ನು ಗಟ್ಟಿಯಾಗಿ ತುಂಬದೆ ಸಡಿಲ ಬಿಟ್ಟಿದ್ದರಿಂದ ಗೊಂಬೆಯನ್ನು ಬೇಕಾದಂತೆ ಕೂರಿಸಬಹುದಿತ್ತು, ಮಲಗಿಸಬಹುದಿತ್ತು. ಬೆಲೆ ಸುಮಾರು 5 ಡಾಲರ್. ಮೈಗೆ ಹೃದಯಾಕಾರದ ಕೆಂಪು ಚೀಟಿ. ಮುಂದೆ ಆ ಚೀಟಿಯೊಳಗೆ ಗೊಂಬೆಯ ಹೆಸರಿನ ಜೊತೆಗೆ ಹುಟ್ಟಿದ ದಿನ, ಒಂದು ಪುಟ್ಟ ಪದ್ಯವೂ ಸೇರಿದವು.

ಕಂಪನಿಯ ಜಾಣತನವಿದ್ದದ್ದು ಮಾರುವ ರೀತಿಯಲ್ಲಿ. ದೊಡ್ಡ ಮಳಿಗೆಗಳನ್ನು ದೂರವಿಟ್ಟು, ಸಣ್ಣ ಉಡುಗೊರೆ ಅಂಗಡಿಗಳಿಗೆ ಅಳೆದು ತೂಗಿ ಸರಕು ಕಳುಹಿಸಿತು. ಆಗಾಗ ಕೆಲವು ಗೊಂಬೆಗಳಿಗೆ ‘ನಿವೃತ್ತಿ’ ಘೋಷಿಸಿ ತಯಾರಿಕೆಯನ್ನೇ ನಿಲ್ಲಿಸಿತು. ಬಟ್ಟೆಗಾಗಲಿ ಗುಳಿಗೆಗಾಗಲಿ ಬರ ಇರಲಿಲ್ಲ, ಕೊರತೆ ಕಂಪನಿಯದೇ ತೀರ್ಮಾನ. ಕೃತಕ ಅಭಾವ ಎನ್ನುವುದು ಇದನ್ನೇ. ಈರುಳ್ಳಿಯನ್ನು ಗೋದಾಮಿನಲ್ಲಿ ಬಚ್ಚಿಟ್ಟು ಬೆಲೆ ಏರಿಸುವವರಿಗೆ ನಾವು ಹಿಡಿಶಾಪ ಹಾಕುತ್ತೇವೆ. ಅಲ್ಲಿ ಜನ ಖುಷಿಯಿಂದ ಸರದಿಯಲ್ಲಿ ನಿಂತರು.

ಚೀಟಿಯ ಗತಿ ನೋಡಿ. ಚೀಟಿ ಹರಿದರೆ, ಮಡಚಿಕೊಂಡರೆ ಗೊಂಬೆಯ ಮರುಮಾರಾಟದ ಬೆಲೆ ಇಳಿಯುತ್ತಿತ್ತು. ಹಾಗಾಗಿ ಚೀಟಿಗೆ ತೊಡಿಸುವ ಪ್ಲಾಸ್ಟಿಕ್ ಕವಚಗಳೇ ಮಾರಾಟಕ್ಕೆ ಬಂದವು. ಬೆಲೆ ಪಟ್ಟಿಯ ಪುಸ್ತಕಗಳು ಬಂದವು. ಚೀಟಿಯಲ್ಲಿನ ಅಚ್ಚಿನ ತಪ್ಪಿಗೂ ಹೆಚ್ಚು ಹಣ ಕೇಳುವವರಿದ್ದರು. ಮಗು ಮುಟ್ಟಿದರೆ ಕೆಡುತ್ತದೆ ಎಂದು ಗೊಂಬೆ ಕಪಾಟು ಸೇರಿದ ಮನೆಗಳಲ್ಲಿ ಅದರ ಬಳಕೆ ಮೌಲ್ಯ ಸೊನ್ನೆ. ಉಳಿದದ್ದು ಬರೀ ವಿನಿಮಯ ಮೌಲ್ಯ. 1999ರಲ್ಲಿ ಲಾಸ್ ವೇಗಸ್‌ನಲ್ಲಿ ವಿಚ್ಛೇದನ ಪಡೆದ ದಂಪತಿ ನ್ಯಾಯಾಲಯದ ನೆಲದ ಮೇಲೆ ಕುಳಿತು ಗೊಂಬೆಗಳನ್ನು ಒಂದೊಂದಾಗಿ ಹಂಚಿಕೊಂಡರು.

ಅದೇ ವರ್ಷ ಕಂಪನಿ, ಡಿಸೆಂಬರ್ 31ಕ್ಕೆ ಎಲ್ಲ ಬೀನಿ ಬೇಬಿಗಳೂ ನಿವೃತ್ತಿ ಎಂದಿತು. ಆಮೇಲೆ ಮುಂದುವರಿಸಬೇಕೇ ಎಂದು ಜನರಿಂದಲೇ ಮತ ಕೇಳಿತು, ಅದೂ ಮತವೊಂದಕ್ಕೆ 50 ಸೆಂಟ್ ಪಡೆದು! ಗೊಂಬೆ ಮುಂದುವರಿಯಿತು, ಆದರೆ ಮರುಮಾರಾಟದ ಬೆಲೆ ಕುಸಿಯಿತು.

ಏಕೆ ಕುಸಿಯಿತು ಎಂಬುದೇ ಅಂಕ ತರುವ ಪ್ರಶ್ನೆ. ಹಳೆಯ ಆಟಿಕೆಗೆ ಬೆಲೆ ಬರುವುದು ಹೆಚ್ಚಿನವು ಮಕ್ಕಳ ಕೈಯಲ್ಲಿ ಮುರಿದು, ಕಳೆದುಹೋಗಿರುವುದರಿಂದ. ಬೀನಿ ಬೇಬಿಯನ್ನು ಎಲ್ಲರೂ ಜೋಪಾನ ಮಾಡಿದರು. ಮಾಸದ ಗೊಂಬೆಗಳೇ ರಾಶಿ ರಾಶಿ ಉಳಿದ ಮೇಲೆ ಅಪರೂಪ ಎಲ್ಲಿಂದ ಬರಬೇಕು?

ಉತ್ತರ ಬರೆಯುವಾಗ ಕೊಂಡವರನ್ನೆಲ್ಲ ಮರುಳರೆಂದು ತಳ್ಳಿಹಾಕಬೇಡಿ. ಮೊದಮೊದಲು ನಿಂತುಹೋದ ಕೆಲವು ಗೊಂಬೆಗಳು ನಿಜಕ್ಕೂ ನೂರಾರು ಡಾಲರ್‌ಗೆ ಮಾರಾಟವಾಗಿದ್ದವು. ಆ ಕೆಲವನ್ನು ನೋಡಿ ಉಳಿದವರು ಲೆಕ್ಕ ಹಾಕಿದರು. ನಷ್ಟ ಯಾರದೆಂಬುದನ್ನೂ ಬರೆಯಿರಿ: ಮಾರಲೆಂದು ಕೂಡಿಟ್ಟವರದು. ಕಂಪನಿಗೆ ಪ್ರತಿ ಗೊಂಬೆಯ ಸಗಟು ಬೆಲೆ ಎಂದೋ ಸಂದಾಯವಾಗಿತ್ತು.