ಮೊಮೊ: ನೇಪಾಳದವರ ಮಧ್ಯಾಹ್ನದ ಖಾಜಾ

ಮೊಮೊ ಅಂದ್ರೆ ಮೈದಾ ಹಿಟ್ಟನ್ನ ತೆಳ್ಳಗೆ ಲಟ್ಟಿಸಿ ಒಳಗೆ ಹಸಿ ಖೀಮಾ ಇಟ್ಟು, ಸುತ್ತ ನೆರಿಗೆ ಹಿಡಿದು ಮುಚ್ಚಿ ಹಬೇಲಿ ಬೇಯಿಸೋ ತಿಂಡಿ, ಒಂಥರಾ ಖಾರದ ಕಡುಬು ಅಂದ್ಕೊಳ್ಳಿ. ಟಿಬೆಟ್‌ನ ಲಾಸಾ ಜೊತೆ ವ್ಯಾಪಾರ ಇಟ್ಕೊಂಡಿದ್ದ ನೇವಾರ್ (ಕಠ್ಮಂಡು ಕಣಿವೆಯ ಮೂಲ ಸಮುದಾಯ) ವ್ಯಾಪಾರಿಗಳು ಅಲ್ಲಿಂದ ಕಠ್ಮಂಡುಗೆ ತಂದ್ರು ಅಂತಾರೆ. ಟಿಬೆಟ್‌ನಲ್ಲಿ ಚಮರೀಮೃಗದ (ಯಾಕ್) ಮಾಂಸ ಇತ್ತು, ನೇಪಾಳದಲ್ಲಿ ಎಮ್ಮೆ ಮಾಂಸ ಆಯ್ತು, ಅದನ್ನೇ ನೇಪಾಳದವ್ರು ಬಫ್ ಅನ್ನೋದು. ಎಮ್ಮೆ ಮಾಂಸ ಮುಟ್ಟದ ಬಾಹುನ್ (ನೇಪಾಳದ ಬ್ರಾಹ್ಮಣರು) ಮನೆಯವ್ರಿಗೂ ಈಗ ಚಿಕನ್, ವೆಜ್, ಪನೀರ್ ಮೊಮೊ ಇದೆ.

ನೇಪಾಳದಲ್ಲಿ ಊಟ ಅಂದ್ರೆ ದಾಲ್‌ಭಾತ್ (ಬೇಳೆ, ಅನ್ನ), ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದ್ಸಲ, ರಾತ್ರಿ ಒಂದ್ಸಲ, ಇವೆರಡರ ಮಧ್ಯೆ ಹೊಟ್ಟೆ ಹಸಿಯತ್ತಲ್ಲ ಆಗ ತಿನ್ನೋದಕ್ಕೆ ಖಾಜಾ ಅಂತಾರೆ, ಮೊಮೊಗೆ ಜಾಗ ಇರೋದು ಅಲ್ಲೇ. ಕಾಲೇಜ್ ಹುಡುಗ್ರು, ಆಫೀಸಿನವ್ರು ಎಲ್ರೂ ಗಲ್ಲಿಯ ಚಿಕ್ಕ ಅಂಗಡೀಲಿ ಕೂತು ಒಂದು ಪ್ಲೇಟ್ ತಗೋತಾರೆ, ಪ್ಲೇಟಿಗೆ ಸಾಮಾನ್ಯವಾಗಿ 10. ಶನಿವಾರ ಅಲ್ಲಿ ರಜೆ, ಅವತ್ತು ಮನೇಲೇ ಮಾಡೋದೂ ಉಂಟು, ಒಬ್ರು ಲಟ್ಟಿಸ್ತಾರೆ, ಇನ್ನೊಬ್ರು ತುಂಬ್ತಾರೆ, ಮಕ್ಕಳು ನೆರಿಗೆ ಹಿಡಿಯೋದು ಕಲೀತಾರೆ.

ಒಳ್ಳೆ ಮೊಮೊ ಗೊತ್ತಾಗೋದು ಒಳಗಿನ ರಸದಿಂದ. ಖೀಮಾಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆ ಜೊತೆ ಎಣ್ಣೆ ಇಲ್ಲಾ ಕೊಬ್ಬು ಹಾಕಿ ಚೆನ್ನಾಗಿ ಕಲಸಬೇಕು, ಬೇಯುವಾಗ ರಸ ಬಿಟ್ಕೊಂಡು ಒಳಗೇ ನಿಲ್ಲತ್ತೆ, ಅದಕ್ಕೇ ಒಂದನ್ನ ಪೂರ್ತಿ ಬಾಯಿಗೆ ಹಾಕ್ಕೋಬೇಕು, ಕಚ್ಚಿ ಅರ್ಧ ಮಾಡಿದ್ರೆ ರಸ ಎಲ್ಲಾ ತಟ್ಟೆ ಪಾಲು.

ಇನ್ನು ಅಚಾರ್. ಇದು ನಮ್ಮ ಉಪ್ಪಿನಕಾಯಿ ಅಲ್ಲ, ಟೊಮೆಟೊ, ಹುರಿದ ಎಳ್ಳು, ಒಣಮೆಣಸಿನಕಾಯಿ, ಟಿಮುರ್ ಅನ್ನೋ ಮಸಾಲೆ ಕಾಯಿ ರುಬ್ಬಿ ಮಾಡೋ ಚಟ್ನಿ. ಟಿಮುರ್ ನಾಲಿಗೆ ಜುಮ್ ಅನ್ಸತ್ತೆ, ನಮ್ಮ ಉತ್ತರ ಕನ್ನಡದ ಕಡೆ ಮೀನಿನ ಸಾರಿಗೆ ಹಾಕೋ ಜುಮ್ಮನಕಾಯಿ ಇದರದ್ದೇ ಕುಟುಂಬದ್ದು. ಅಚಾರನ್ನೇ ನೀರಾಗಿ ಮಾಡಿ ಬಟ್ಟಲಲ್ಲಿ ಮೊಮೊ ಮುಳುಗಿಸಿ ಕೊಟ್ರೆ ಝೋಲ್ ಮೊಮೊ, ಬಾಣಲೇಲಿ ತಳ ಕೆಂಪಗೆ ಮಾಡಿದ್ರೆ ಕೋಥೆ, ಖಾರದ ಸಾಸಲ್ಲಿ ಹೊರಳಿಸಿದ್ರೆ ಸಿ-ಮೊಮೊ, ಅಂದ್ರೆ ಚಿಲ್ಲಿ ಮೊಮೊ.

ಬೈಲಕುಪ್ಪೆ, ಮುಂಡಗೋಡು ಕಡೆ ಹೋದ್ರೆ ಸಿಗೋದು ಟಿಬೆಟಿಯನ್ನರ ಮೊಮೊ, ಮಸಾಲೆ ಕಮ್ಮಿ. ಬೆಂಗಳೂರಿನ ಗಾಡಿಗಳಲ್ಲಿ ಕೆಂಪು ಚಟ್ನಿ ಜೊತೆ ಮಯೋನೀಸ್ ಕೊಡ್ತಾರೆ, ನನಗಂತೂ ಅದು ಒಗ್ಗಲ್ಲ, ಎಳ್ಳಿನ ಅಚಾರ್ ಇರೋ ನೇಪಾಳಿ ಅಂಗಡಿ ಸಿಕ್ಕಿದ್ರೆ ಮೊದಲು ಝೋಲ್ ಕೇಳಿ ನೋಡಿ.