ಸ್ಪೈಡರ್‌ಮ್ಯಾನ್ ಡಿಸ್ನಿಯವನು, ಆದರೆ ಇರೋದು ಯೂನಿವರ್ಸಲ್‌ನಲ್ಲಿ

ಪ್ರಶ್ನೆ: "ರಜೆಗೆ ಆರ್ಲ್ಯಾಂಡೊಗೆ ಹೋಗಬೇಕು ಅಂತಿದ್ದೀವಿ. ಮಗನಿಗೆ ಸ್ಪೈಡರ್‌ಮ್ಯಾನ್ ಅಂದ್ರೆ ಪ್ರಾಣ. ಅವನ ಕಂಪನಿ ಮಾರ್ವೆಲ್ ಈಗ ಡಿಸ್ನಿಯದೇ ಅಲ್ವಾ? ಮತ್ತೆ ಡಿಸ್ನಿ ವರ್ಲ್ಡ್‌ನಲ್ಲಿ ಸ್ಪೈಡರ್‌ಮ್ಯಾನ್ ಯಾಕಿಲ್ಲ? ಯೂನಿವರ್ಸಲ್ ಜೊತೆಗಿನ ಕರಾರು ಇನ್ನೇನು ಮುಗಿಯುತ್ತೆ, ಆಮೇಲೆ ಡಿಸ್ನಿಗೇ ಬರ್ತಾನೆ ಅಂತ ಗೆಳೆಯರು ಹೇಳ್ತಾರೆ. ಒಂದೆರಡು ವರ್ಷ ಕಾಯೋದು ಒಳ್ಳೇದಾ?"

ಕಾಯಬೇಡಿ. ಕಾದರೆ ನಿಮ್ಮ ಮಗ ಕಾಲೇಜಿಗೆ ಹೋಗುತ್ತಾನೆ, ಸ್ಪೈಡರ್‌ಮ್ಯಾನ್ ಮಾತ್ರ ಇದ್ದಲ್ಲೇ ಇರುತ್ತಾನೆ. ಆರ್ಲ್ಯಾಂಡೊದಲ್ಲೇ ಇರುವ, ಯೂನಿವರ್ಸಲ್ ಕಂಪನಿಯ ಐಲೆಂಡ್ಸ್ ಆಫ್ ಅಡ್ವೆಂಚರ್ ಪಾರ್ಕಿಗೆ ಟಿಕೆಟ್ ತೆಗೆದುಕೊಳ್ಳಿ. ಅಲ್ಲಿ ಅವನ ಹೆಸರಿನ ರೈಡ್ ಇದೆ. ಪಾರ್ಕು ಬಾಗಿಲು ತೆರೆದ 1999ರಿಂದಲೂ ಇದೆ.

ಉತ್ತರ ಇಷ್ಟೇ. ಆದರೆ ಈ ಪ್ರಶ್ನೆ ನನಗೆ ಪ್ರತಿ ಬೇಸಿಗೆ, ಪ್ರತಿ ಡಿಸೆಂಬರ್ ಬರುತ್ತದೆ. "ಕರಾರು ಮುಗಿಯುತ್ತೆ" ಎನ್ನುವ ಮಾತು ಪ್ರತಿ ಸಲವೂ ಜೊತೆಗೆ ಅಂಟಿಕೊಂಡೇ ಬರುತ್ತದೆ. ಎಷ್ಟು ಸಲ ಹೇಳಿದರೂ ಹೋಗದ ಮಾತು ಇದು. ಇವತ್ತು ಕೂತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಕರಾರು ಏನು ಅಂತ ನೋಡೋಣ. 1994ರಲ್ಲಿ ಮಾರ್ವೆಲ್ ಕಂಪನಿ ತನ್ನ ಪಾತ್ರಗಳನ್ನು ಥೀಮ್ ಪಾರ್ಕಿನಲ್ಲಿ ಬಳಸುವ ಹಕ್ಕನ್ನು ಯೂನಿವರ್ಸಲ್‌ನ ಆಗಿನ ಮಾಲೀಕರಾದ ಎಂಸಿಎ ಕಂಪನಿಗೆ ಕೊಟ್ಟಿತು. ಆಗಿನ ಮಾರ್ವೆಲ್ ಬೇರೆ, ಈಗಿನ ಮಾರ್ವೆಲ್ ಬೇರೆ. ಆಗ ಅದು ಕಾಮಿಕ್ಸ್ ಅಚ್ಚು ಹಾಕುವ ಕಂಪನಿ. 1996ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿಯನ್ನೇ ಹಾಕಿತು. ಕೋಟಿಗಟ್ಟಲೆ ಗಳಿಸುವ ಸಿನಿಮಾ ಸಾಲು ಇನ್ನೂ ಯಾರ ಕನಸಿನಲ್ಲೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಆದ ಮಾತುಕತೆ ಇದು. ಯೂನಿವರ್ಸಲ್ ಕಡೆಯವರು ಚೆನ್ನಾಗಿ ಬರೆಸಿಕೊಂಡರು.

ಡಿಸ್ನಿ ಮಾರ್ವೆಲ್ ಅನ್ನು ಕೊಂಡಿದ್ದು ಹದಿನೈದು ವರ್ಷದ ನಂತರ, 2009ರಲ್ಲಿ. ಸುಮಾರು 400 ಕೋಟಿ ಡಾಲರ್ ಕೊಟ್ಟಿತು. ಜನ ಎಡವೋದೇ ಇಲ್ಲಿ. "ದುಡ್ಡು ಕೊಟ್ಟು ಕೊಂಡ ಮೇಲೆ ಎಲ್ಲಾ ಅವರದೇ ಅಲ್ವಾ?" ಅಂತಾರೆ.

ಬಾಡಿಗೆದಾರರು ಇರುವ ಮನೆಯನ್ನು ಕೊಂಡ ಹಾಗೆ ಅಂದುಕೊಳ್ಳಿ. ಹಳೇ ಓನರ್ ಮಾಡಿಕೊಟ್ಟ ಅಗ್ರಿಮೆಂಟ್ ಮನೆಯ ಜೊತೆಗೇ ಬರುತ್ತದೆ. ಮನೆ ನಿಮ್ಮ ಹೆಸರಿಗೆ ಆಗುತ್ತದೆ, ಬಾಡಿಗೆ ನಿಮ್ಮ ಕೈಗೆ ಬರುತ್ತದೆ. ಆದರೆ ಒಳಗಿರುವವರನ್ನು ಸುಮ್ನೆ ಎಬ್ಬಿಸಲು ಆಗುವುದಿಲ್ಲ. ಡಿಸ್ನಿಗೆ ಆಗಿರುವುದೂ ಇದೇ. ಯೂನಿವರ್ಸಲ್ ಇವತ್ತಿಗೂ ಮಾರ್ವೆಲ್‌ಗೆ ಲೈಸೆನ್ಸ್ ಹಣ ಕಟ್ಟುತ್ತದೆ, ಅಂದರೆ ಆ ಹಣ ಹೋಗುವುದು ಡಿಸ್ನಿಗೆ. ಐಲೆಂಡ್ಸ್‌ನಲ್ಲಿ ಮಾರ್ವೆಲ್‌ನದೇ ಇನ್ನೊಬ್ಬ ಹೀರೋ ಹಲ್ಕ್ ಹೆಸರಿನ, ಹಸಿರು ಹಳಿಯ ರೋಲರ್ ಕೋಸ್ಟರ್ ಕೆಳಗೆ ನಿಂತು "ಡಿಸ್ನಿಗಿಂತ ಇದೇ ಸೂಪರ್" ಅಂತ ಕೂಗುವವರು ಈ ಸಂಗತಿಯನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಈಗ ಆ ಮುಗಿಯುವ ತಾರೀಕಿನ ವಿಷಯ. ಕರಾರಿನಲ್ಲಿ ಅಂಥ ತಾರೀಕೇ ಇಲ್ಲ. ಇರುವುದು ಷರತ್ತು. ಯೂನಿವರ್ಸಲ್ ಐಲೆಂಡ್ಸ್ ಪಾರ್ಕಿನೊಳಗಿನ ಮಾರ್ವೆಲ್ ವಿಭಾಗವನ್ನು (ಅಲ್ಲಿ ಅದನ್ನು ದ್ವೀಪ ಅಂತಾರೆ) ನಡೆಸುತ್ತಿರಬೇಕು, ಒಳ್ಳೆಯ ಸ್ಥಿತಿಯಲ್ಲಿ ಇಟ್ಟಿರಬೇಕು, ಕಟ್ಟಬೇಕಾದ ಹಣ ಕಟ್ಟುತ್ತಿರಬೇಕು. ಅಲ್ಲಿಯವರೆಗೂ ಹಕ್ಕು ಅವರದು. ಇದು ಗುಟ್ಟಿನ ಮಾತೂ ಅಲ್ಲ. ಮಾರ್ವೆಲ್ ಆಗ ಶೇರು ಮಾರುಕಟ್ಟೆಯಲ್ಲಿದ್ದ ಕಂಪನಿ. ಅದು ಅಮೆರಿಕ ಸರ್ಕಾರಕ್ಕೆ ಸಲ್ಲಿಸಿದ ಕಾಗದಗಳಲ್ಲಿ ಈ ಒಪ್ಪಂದವೂ ಇದೆ. ಯಾರು ಬೇಕಾದರೂ ಓದಬಹುದು. ನಾನು ಓದಿದ್ದೇನೆ. ವಕೀಲರ ಇಂಗ್ಲಿಷು, ನಿಧಾನಕ್ಕೆ ಓದಬೇಕು, ಆದರೆ ಅರ್ಥವಾಗುತ್ತದೆ. "ಇಂಥ ವರ್ಷ ಮುಗಿಯುತ್ತೆ" ಅನ್ನುವವರಿಗೆ ನಾನು ಕೇಳೋದು ಒಂದೇ: ಯಾವ ಪುಟದಲ್ಲಿದೆ?

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಒಂದು ಮೂಲ ಜಪಾನ್. ಒಸಾಕಾದ ಯೂನಿವರ್ಸಲ್‌ನಲ್ಲೂ ಇದೇ ಸ್ಪೈಡರ್‌ಮ್ಯಾನ್ ರೈಡ್ ಇತ್ತು. 2024ರ ಜನವರಿಯಲ್ಲಿ ಅದನ್ನು ಮುಚ್ಚಿದರು. ಸುದ್ದಿ ಬಂದ ದಿನವೇ ನನಗೆ ಮೆಸೇಜುಗಳು ಶುರುವಾದವು: "ನೋಡಿದ್ರಾ, ಮುಂದಿನದು ಆರ್ಲ್ಯಾಂಡೊ!" ಅಲ್ಲ. ಜಪಾನಿನ ಹಕ್ಕಿನ ಲೆಕ್ಕವೇ ಬೇರೆ, ಆರ್ಲ್ಯಾಂಡೊ ಇರುವ ಫ್ಲಾರಿಡಾದ್ದೇ ಬೇರೆ. ಅಲ್ಲಿ ಮುಗಿದದ್ದು ಇಲ್ಲಿಗೆ ತಟ್ಟುವುದಿಲ್ಲ. ಇನ್ನೊಂದು ಮೂಲ ಸೋನಿ. ಸ್ಪೈಡರ್‌ಮ್ಯಾನ್ ಸಿನಿಮಾ ಮಾಡುವ ಹಕ್ಕು ಸೋನಿಯದು. ಡಿಸ್ನಿಗೂ ಸೋನಿಗೂ ಆಗಾಗ ಮಾತುಕತೆ ಮುರಿದುಬಿತ್ತು, ಮತ್ತೆ ಕೂಡಿತು ಅಂತ ಪೇಪರಿನಲ್ಲಿ ಬರುತ್ತದೆ. ಅದು ಪೂರ್ತಿ ಸಿನಿಮಾದ ವಿಷಯ. ಪಾರ್ಕಿನ ರೈಡಿಗೂ ಅದಕ್ಕೂ ಸಂಬಂಧವಿಲ್ಲ. ಐಲೆಂಡ್ಸ್‌ನಲ್ಲಿ ಗಮನಿಸಿ ನೋಡಿ, ಅಲ್ಲಿರುವುದು ಸಿನಿಮಾದ ಸ್ಪೈಡರ್‌ಮ್ಯಾನ್ ಅಲ್ಲ, ಕಾಮಿಕ್ಸಿನವನು. ಕಟ್ಟಡಗಳೂ ಕಾಮಿಕ್ಸಿನ ಪುಟದಿಂದ ಎದ್ದು ಬಂದ ಹಾಗೆ, ಗಾಢ ಬಣ್ಣ, ದಪ್ಪ ಗೆರೆ. ರೈಡಿನ ಸಾಲು ಡೈಲಿ ಬ್ಯೂಗಲ್ ಪತ್ರಿಕಾ ಕಚೇರಿಯೊಳಗೆ ಸುತ್ತಿ ಸುತ್ತಿ ಹೋಗುತ್ತದೆ. ಕಾಯುವಾಗ ಬೇಜಾರಾಗುವುದಿಲ್ಲ.

ಮೂರನೆಯದು, "ಡಿಸ್ನಿ ಹತ್ತಿರ ದುಡ್ಡು ಬೇಕಾದಷ್ಟಿದೆ, ಕೊಟ್ಟು ಬಿಡಿಸಿಕೊಳ್ಳುತ್ತೆ" ಅನ್ನುವ ವಾದ. ಕೊಳ್ಳುವವರು ಇದ್ದರೆ ಸಾಕಾ, ಮಾರುವವರೂ ಬೇಕಲ್ಲ? 2011ರಿಂದ ಯೂನಿವರ್ಸಲ್ ಇರುವುದು ಕಾಮ್‌ಕಾಸ್ಟ್ ಅನ್ನುವ ಕೇಬಲ್ ಟಿವಿ ಕಂಪನಿಯ ಕೈಯಲ್ಲಿ. ಈ ಕಾಮ್‌ಕಾಸ್ಟ್ 2004ರಲ್ಲಿ ಇಡೀ ಡಿಸ್ನಿ ಕಂಪನಿಯನ್ನೇ ಕೊಳ್ಳುತ್ತೇವೆ ಅಂತ ಬಂದಿತ್ತು. ಡಿಸ್ನಿ ಒಪ್ಪಲಿಲ್ಲ, ಅವರು ಹಿಂದೆ ಸರಿದರು. ಅಂಥವರು ಎದುರುಮನೆಯವರಿಗೆ ಬೇಕಾದ ವಸ್ತು ತಮ್ಮ ಕೈಯಲ್ಲಿರುವಾಗ ಸುಲಭಕ್ಕೆ ಬಿಟ್ಟುಕೊಡುತ್ತಾರಾ? ಬಿಡುವ ಯೋಚನೆ ಇದ್ದವರು 2012ರಲ್ಲಿ ಸ್ಪೈಡರ್‌ಮ್ಯಾನ್ ರೈಡಿನ ಚಿತ್ರವನ್ನೆಲ್ಲ ಹೊಸದಾಗಿ ಮಾಡಿಸುತ್ತಿರಲಿಲ್ಲ. ಹಲ್ಕ್ ಕೋಸ್ಟರಿನ ಹಳಿ ಬಿಚ್ಚಿ, ಹೊಸದು ಹಾಕಿ, 2016ರಲ್ಲಿ ಮತ್ತೆ ಶುರು ಮಾಡುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬರುತ್ತದೆ: "ಹಾಗಾದ್ರೆ ಕ್ಯಾಲಿಫೋರ್ನಿಯಾದ ಡಿಸ್ನಿಯಲ್ಲಿ ಹೇಗೆ ಇದ್ದಾನೆ?"

ಇದಕ್ಕೆ ಉತ್ತರ ಒಂದು ನದಿ. ಕರಾರಿನಲ್ಲಿ ಮಿಸಿಸಿಪಿ ನದಿಯನ್ನೇ ಗಡಿ ಮಾಡಿದ್ದಾರೆ. ನಮ್ಮ ಗಾಂಧಿನಗರದಲ್ಲಿ ಸಿನಿಮಾ ವಿತರಣೆಯ ಹಕ್ಕನ್ನು ಏರಿಯಾ ಲೆಕ್ಕದಲ್ಲಿ ಮಾರುತ್ತಾರಲ್ಲ, ಬೆಂಗಳೂರು-ಕೋಲಾರ-ತುಮಕೂರು ಸೇರಿ ಬಿಕೆಟಿ ಒಬ್ಬರಿಗೆ, ಮೈಸೂರು ಕಡೆಯದು ಇನ್ನೊಬ್ಬರಿಗೆ, ಥೇಟ್ ಹಾಗೆ. ನದಿಯ ಪೂರ್ವಕ್ಕೆ, ಯೂನಿವರ್ಸಲ್ ಬಳಸುತ್ತಿರುವ ಪಾತ್ರಗಳನ್ನು ಬೇರೆ ಪಾರ್ಕಿನವರು ಮುಟ್ಟುವಂತಿಲ್ಲ. ಪಶ್ಚಿಮಕ್ಕೆ ಬಳಸಬಹುದು. ಆರ್ಲ್ಯಾಂಡೊ ಇರುವುದು ಪೂರ್ವಕ್ಕೆ, ಕ್ಯಾಲಿಫೋರ್ನಿಯಾ ಪಶ್ಚಿಮಕ್ಕೆ. ಅದಕ್ಕೇ ಅಲ್ಲಿನ ಡಿಸ್ನಿಯಲ್ಲಿ 2021ರ ಜೂನ್‌ನಲ್ಲಿ ಅವೆಂಜರ್ಸ್ ಕ್ಯಾಂಪಸ್ ಅನ್ನುವ ಮಾರ್ವೆಲ್ ವಿಭಾಗ ತೆರೆಯಿತು. ಅಲ್ಲಿ ಸ್ಪೈಡರ್‌ಮ್ಯಾನ್ ಕಟ್ಟಡದ ಮೇಲಿಂದ ಹಾರುತ್ತಾನೆ. ಆ ಹೆಸರಿನಲ್ಲಿ ಮಾರ್ವೆಲ್ ಅನ್ನುವ ಪದ ಇಲ್ಲ, ನೋಡಿ. ಅದೂ ಈ ಕರಾರಿನದೇ ಕಟ್ಟುಪಾಡು.

ಪೂರ್ವದಲ್ಲೂ ಒಂದು ಸಣ್ಣ ಬಾಗಿಲು ತೆರೆದಿದೆ. ಯೂನಿವರ್ಸಲ್ ಬಳಸದ ಪಾತ್ರಗಳನ್ನು ಡಿಸ್ನಿ ಬಳಸಬಹುದು. ಆದರೆ ಲೆಕ್ಕ ಒಬ್ಬೊಬ್ಬರದಲ್ಲ, ಮನೆತನದ್ದು. ಐಲೆಂಡ್ಸ್‌ನಲ್ಲಿ ಕ್ಯಾಪ್ಟನ್ ಅಮೆರಿಕ ಹೆಸರಿನ ಹೋಟೆಲ್ ಒಂದಿದೆ, ಬರ್ಗರ್ ಮಾರುತ್ತಾರೆ. ಆ ಥರದ ಬಳಕೆಯಿಂದಲೇ ಅವನ ಜೊತೆಗಾರರಾದ ಅವೆಂಜರ್ಸ್ ಎಲ್ಲರೂ ಡಿಸ್ನಿ ವರ್ಲ್ಡ್‌ಗೆ ದೂರ. ಆದರೆ ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ಅನ್ನುವ ಇನ್ನೊಂದು ಮಾರ್ವೆಲ್ ತಂಡ ಯೂನಿವರ್ಸಲ್‌ನ ಬಳಕೆಯಲ್ಲಿ ಇರಲಿಲ್ಲ. ಡಿಸ್ನಿ ಅವರನ್ನು ಹಿಡಿದುಕೊಂಡು 2022ರ ಮೇನಲ್ಲಿ ಡಿಸ್ನಿ ವರ್ಲ್ಡ್‌ನ ಎಪ್ಕಾಟ್ ಪಾರ್ಕಿನಲ್ಲಿ ಕಾಸ್ಮಿಕ್ ರಿವೈಂಡ್ ಅನ್ನುವ ಕೋಸ್ಟರ್ ಮಾಡಿತು. ಹಿಂದಕ್ಕೆ ಚಿಮ್ಮಿಸುತ್ತದೆ, ನಿಮ್ಮ ಮಗ ಎತ್ತರದಲ್ಲಿ ಪಾಸಾದರೆ ಖಂಡಿತಾ ಹತ್ತಿಸಿ. ಇರುವ ಜಾಗದಲ್ಲೇ ದಾರಿ ಹುಡುಕಿದ ಆ ಜಾಣತನ ನನಗೆ ತುಂಬಾ ಇಷ್ಟ.

ನಾನು ಇದನ್ನೆಲ್ಲ ಯಾಕೆ ಇಷ್ಟು ಹಚ್ಚಿಕೊಂಡೆ ಅಂತಲೂ ಹೇಳಿಬಿಡುತ್ತೇನೆ. ಅಕ್ಕ ಭಾವ ಊರಿಂದ ಬಂದಿದ್ದಾಗ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಅಕ್ಕನ ಮಗನಿಗೆ ಆಗ ಆರು ವರ್ಷ. ಬೆಂಗಳೂರಿನಲ್ಲೇ ಕೊಂಡಿದ್ದ ಸ್ಪೈಡರ್‌ಮ್ಯಾನ್ ಡ್ರೆಸ್ ಹಾಕಿಕೊಂಡು ಬಂದಿದ್ದ. ಮಧ್ಯಾಹ್ನ ನೆರಳಿನಲ್ಲಿ ಬೆಂಚು ಹಿಡಿದು ಅಕ್ಕ ಪುಳಿಯೋಗರೆ ಡಬ್ಬಿ ತೆಗೆದಳು. (ಡಿಸ್ನಿಯಲ್ಲಿ ಮನೆ ಊಟ ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಬೇಡ.) ಹುಡುಗ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದ, "ಮಾಮ, ಸ್ಪೈಡರ್‌ಮ್ಯಾನ್ ಎಷ್ಟೊತ್ತಿಗೆ ಬರ್ತಾನೆ?" ಭಾವ ತಕ್ಷಣ, "ಊಟಕ್ಕೆ ಹೋಗಿದ್ದಾನೆ ಕಣೋ, ಬರ್ತಾನೆ" ಅಂದುಬಿಟ್ಟರು. ಹುಡುಗ ಸಂಜೆವರೆಗೂ ಪ್ರತಿ ತಿರುವಿನಲ್ಲೂ ನಿಂತು ನೋಡಿದ. ಕೊನೆಗೆ ಕೇಳುವುದನ್ನೇ ಬಿಟ್ಟ. ನನಗೆ ಅದನ್ನು ನೋಡಲಿಕ್ಕೆ ಆಗಲಿಲ್ಲ. ಮಾರನೆಯ ದಿನ ಐಲೆಂಡ್ಸ್‌ಗೆ ಟಿಕೆಟ್ ತೆಗೆದೆ. ಸ್ಪೈಡರ್‌ಮ್ಯಾನ್ ಇವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಇವನ ಡ್ರೆಸ್ ನೋಡಿ, ತನ್ನ ಡ್ರೆಸ್ ತೋರಿಸಿದ. ಹುಡುಗನಿಗೆ ಮಾತೇ ಹೊರಡಲಿಲ್ಲ.

ಇನ್ನು ಅಭಿಮಾನಿಗಳ ಜಗಳ. ಡಿಸ್ನಿಯವರು, ಯೂನಿವರ್ಸಲ್‌ನವರು ಅಂತ ಎರಡು ಪಾಳೆಯ. ನಮ್ಮಲ್ಲಿ ಇಬ್ಬರು ಹೀರೋಗಳ ಚಿತ್ರ ಒಂದೇ ವಾರ ಬಿಡುಗಡೆಯಾದಾಗ ಆಗುವ ಹಾಗೆ. ಒಬ್ಬರು ಗೆದ್ದರೆ ಇನ್ನೊಬ್ಬರು ಮುಳುಗಲೇಬೇಕು ಅನ್ನುವುದು ಇವರ ಲೆಕ್ಕ. 2010ರ ಜೂನ್‌ನಲ್ಲಿ ಐಲೆಂಡ್ಸ್‌ನಲ್ಲಿ ಹ್ಯಾರಿ ಪಾಟರ್ ಲೋಕ ತೆರೆದಾಗಲೂ ಡಿಸ್ನಿ ಕಥೆ ಮುಗಿಯಿತು ಅಂದಿದ್ದರು. ಈ ಉದ್ಯಮದವರು ಪ್ರತಿ ವರ್ಷ ಒಪ್ಪುವ ಅಂದಾಜಿನ ಪ್ರಕಾರ, 2009ರಲ್ಲಿ ಐಲೆಂಡ್ಸ್‌ಗೆ ಬಂದವರು ಸುಮಾರು 46 ಲಕ್ಷ. 2011ಕ್ಕೆ ಅದು 76 ಲಕ್ಷ ದಾಟಿತು. ಅದೇ ಎರಡು ವರ್ಷದಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಸುಮಾರು 1.7 ಕೋಟಿಯಲ್ಲೇ ನಿಂತಿತ್ತು. 2014ಕ್ಕೆ 1.9 ಕೋಟಿ ದಾಟಿತು. ಪಾಟರ್‌ಗೆಂದು ಬಂದವರು ಒಂದೆರಡು ದಿನ ಜಾಸ್ತಿ ಉಳಿದು ಡಿಸ್ನಿಯ ಮಿಕ್ಕಿ ಮೌಸ್‌ನನ್ನೂ ನೋಡಿಕೊಂಡು ಹೋಗುತ್ತಾರೆ. ನಾವೂ ಅಷ್ಟೇ ಅಲ್ವಾ? ಅಷ್ಟು ದೂರದಿಂದ ಅಪ್ಪ ಅಮ್ಮನನ್ನು ಕರೆಸಿ ಒಂದೇ ಪಾರ್ಕು ತೋರಿಸಿ ಕಳಿಸುತ್ತೇವಾ? 2025ರ ಮೇ 22ಕ್ಕೆ ಯೂನಿವರ್ಸಲ್ ಎಪಿಕ್ ಯೂನಿವರ್ಸ್ ಅನ್ನುವ ದೊಡ್ಡ ಹೊಸ ಪಾರ್ಕು ತೆರೆದಾಗಲೂ ಅದೇ ಹಳೇ ಭವಿಷ್ಯವನ್ನು ಮತ್ತೆ ಕೇಳಿದೆ.

ಜಗಳ ಬೇಕೇ ಬೇಕು ಅನ್ನುವವರಿಗೆ ನಿಜವಾದ ಹಳೇ ಜಗಳವೊಂದನ್ನು ಹೇಳುತ್ತೇನೆ. ಯಾರೂ ಕೇಳಿಲ್ಲ, ಆದರೆ ಹೇಳದೆ ಇರಲಾರೆ.

1927ರಲ್ಲಿ ವಾಲ್ಟ್ ಡಿಸ್ನಿ ಯೂನಿವರ್ಸಲ್‌ಗಾಗಿ ಒಂದು ಮೊಲದ ಕಾರ್ಟೂನ್ ಮಾಡುತ್ತಿದ್ದರು. ಹೆಸರು ಆಸ್ವಾಲ್ಡ್. ಉದ್ದ ಕಿವಿ, ತುಂಟ ಮುಖ. ಜನ ಮೆಚ್ಚಿದರು. 1928ರಲ್ಲಿ ವಾಲ್ಟ್ ನ್ಯೂಯಾರ್ಕಿಗೆ ಹೋಗಿ, ನಡುವಿನ ವಿತರಕ ಚಾರ್ಲ್ಸ್ ಮಿಂಟ್ಜ್ ಹತ್ತಿರ ಸ್ವಲ್ಪ ಜಾಸ್ತಿ ಹಣ ಕೇಳಿದರು. ಮಿಂಟ್ಜ್ ಇನ್ನೂ ಕಡಿಮೆ ಕೊಡುತ್ತೇನೆ ಅಂದರು. ಅಷ್ಟರಲ್ಲಿ ವಾಲ್ಟ್ ಹತ್ತಿರ ಕೆಲಸ ಮಾಡುತ್ತಿದ್ದ ಹೆಚ್ಚಿನ ಚಿತ್ರಗಾರರನ್ನು ತಮ್ಮ ಕಡೆ ಸೆಳೆದುಕೊಂಡೂ ಆಗಿತ್ತು. ಮೊಲದ ಹಕ್ಕು ಯೂನಿವರ್ಸಲ್‌ನದು. ತಾನೇ ಬೆಳೆಸಿದ ಪಾತ್ರ ವಾಲ್ಟ್‌ ಕೈತಪ್ಪಿತು. ಹೊಸ ಪಾತ್ರ ಬೇಕಾಯಿತು. ಅದೇ ವರ್ಷ ನವೆಂಬರ್ 18ಕ್ಕೆ ನ್ಯೂಯಾರ್ಕಿನ ತೆರೆಯ ಮೇಲೆ ಒಂದು ಇಲಿ ಸೀಟಿ ಹೊಡೆಯುತ್ತಾ ಹಡಗು ನಡೆಸಿತು. ಮಿಕ್ಕಿ ಬಂದಿದ್ದು ಹಾಗೆ.

ಆಸ್ವಾಲ್ಡ್ ಸುಮಾರು 78 ವರ್ಷ ಯೂನಿವರ್ಸಲ್ ಹತ್ತಿರವೇ ಉಳಿದ. 2006ರಲ್ಲಿ ಡಿಸ್ನಿ ಅವನನ್ನು ವಾಪಸ್ ತಂದಿತು, ಅದೂ ಒಂದು ಅದಲು-ಬದಲಿನಲ್ಲಿ. ಆಲ್ ಮೈಕಲ್ಸ್ ಅನ್ನುವ ಹೆಸರಾಂತ ಕ್ರೀಡಾ ವೀಕ್ಷಕ ವಿವರಣೆಗಾರರು ಡಿಸ್ನಿಯ ಚಾನೆಲ್ ಬಿಟ್ಟು ಎನ್‌ಬಿಸಿಗೆ ಹೋಗಬೇಕಿತ್ತು. ಎನ್‌ಬಿಸಿ, ಯೂನಿವರ್ಸಲ್ ಎರಡೂ ಒಂದೇ ಮನೆ. ಅವರನ್ನು ಬಿಟ್ಟುಕೊಡಲು ಡಿಸ್ನಿ ಕೇಳಿದವುಗಳಲ್ಲಿ ಈ ಮೊಲವೂ ಒಂದು.

ಕ್ಯಾಲಿಫೋರ್ನಿಯಾ ಕಡೆ ಹೋದರೆ ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನ ಬಾಗಿಲು ದಾಟಿದ ತಕ್ಷಣ ಹಳೇ ಕಾಲದ ಪೆಟ್ರೋಲ್ ಬಂಕಿನ ಥರ ಒಂದು ಅಂಗಡಿ ಕಾಣುತ್ತದೆ. ಬೋರ್ಡಿನ ಮೇಲೆ ಆಸ್ವಾಲ್ಡ್ ಅಂತಲೇ ಇದೆ. ನಿಮ್ಮ ಮಗ ಸ್ಪೈಡರ್‌ಮ್ಯಾನ್ ಹುಡುಕಿಕೊಂಡು ಮುಂದೆ ಓಡುತ್ತಾನೆ, ಓಡಲಿ. ನೀವು ಒಂದು ನಿಮಿಷ ಅಲ್ಲಿ ನಿಂತು ಆ ಮೊಲವನ್ನು ನೋಡಿ ಹೋಗಿ.